ನಾಗೊಂದಿಗೆಯ ರೇಡಿಯೊಗೆ ಅವಸರದ ಕರೆಂಟು ಬೇಡ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಮೇಲ್ಮುದ್ದೆಯ ಹಳೆ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಕೆಡವುವ ಮುಂಚೆ ಅಟ್ಟ, ನಾಗೊಂದಿಗೆ ಖಾಲಿ ಮಾಡುವಾಗ ಹಿತ್ತಾಳೆ ಹಂಡೆ, ಮುರಿದ ತೊಟ್ಟಿಲುಗಳ ಹಿಂದೆ ಒಂದು ದೊಡ್ಡ ರೇಡಿಯೊ ಸಿಗುತ್ತದೆ. ಮರ್ಫಿ, ಫಿಲಿಪ್ಸ್, ಬುಷ್, ಎಚ್‌ಎಂವಿ ಇಲ್ಲವೇ ನ್ಯಾಷನಲ್ ಎಕ್ಕೊ. ಯಾರೋ ಧೂಳು ಒರೆಸುತ್ತಾರೆ, ಇಲಿ ಕಡಿದ ವೈರಿಗೆ ಹೊಸ ಪಿನ್ನು ಹಾಕುತ್ತಾರೆ. "ಅಪ್ಪಾರ ಕಾಲದ್ದು, ಚಾಲೂ ಆಗತೈತೇನ್ ನೋಡೂಣು" ಎಂದು ಬೋರ್ಡಿಗೆ ಸಿಕ್ಕಿಸುತ್ತಾರೆ. ನಲವತ್ತು ವರ್ಷದ ಧೂಳು, ಇಲಿ, ಜಿರಲೆ ಮಾಡಲಾಗದ ಹಾಳನ್ನು ಆ ಅರ್ಧ ನಿಮಿಷ ಮಾಡಿಬಿಡುತ್ತದೆ. ಗುಂಯ್ ಎಂಬ ಸದ್ದು, ಮೇಣ ಸುಟ್ಟ ವಾಸನೆ, ಆಮೇಲೆ ಏನೂ ಇಲ್ಲ. ಮರುದಿನ ಅದು ಗುಜರಿಯವನ ಗಾಡಿ ಏರುತ್ತದೆ.

ವಾಲ್ವ್ ರೇಡಿಯೊ ಅಷ್ಟು ಸುಲಭವಾಗಿ ಸಾಯುವ ವಸ್ತುವಲ್ಲ. ಅದರ ಒಳಗೆ ಏನಿದೆ, ಯಾವುದಕ್ಕೆ ವಯಸ್ಸಾಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂದು ತಿಳಿದರೆ ಹೆಚ್ಚಿನವನ್ನು ಉಳಿಸಬಹುದು.

ಈ ನಾಲ್ಕೂ ಊರು ಧಾರವಾಡದಿಂದ ನೂರು ಕಿಲೋಮೀಟರಿನೊಳಗಿವೆ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ದೇಶ ಗಣರಾಜ್ಯವಾಗಲು ಇನ್ನೂ 18 ದಿನ ಇತ್ತು. ಬೆಳಗಾವಿ ಜಿಲ್ಲೆ ಆಗ ಮುಂಬೈ ಪ್ರಾಂತದಲ್ಲಿತ್ತು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲೇ ತಮ್ಮ ಮನೆಯಿಂದ ಪ್ರಸಾರ ಆರಂಭಿಸಿದ್ದರು ನಿಜ, ಆದರೆ ಮಲಪ್ರಭೆಯ ದಂಡೆಯವರಿಗೆ ತಮ್ಮ ಮಾತಿನ ಧಾಟಿಯಲ್ಲೇ ರೇಡಿಯೊ ಕೇಳಿಸಿದ್ದು ಧಾರವಾಡದಿಂದ. ಬೇಂದ್ರೆಯವರು ಅಲ್ಲಿ ಸಲಹೆಗಾರರಾಗಿದ್ದರು, ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದರು. ಬುಧವಾರ ರಾತ್ರಿ ಮಾತ್ರ ಮುಳ್ಳು ರೇಡಿಯೊ ಸಿಲೋನಿನ ಕಡೆ ಸರಿಯುತ್ತಿತ್ತು. 1952ರ ಡಿಸೆಂಬರಿನಲ್ಲಿ ಶುರುವಾದ ಬಿನಾಕಾ ಗೀತಮಾಲಾ, ಅಮೀನ್ ಸಯಾನಿಯವರ ದನಿ. ಆಕಾಶವಾಣಿ ಸಿನಿಮಾ ಹಾಡಿಗೆ ಮುಖ ತಿರುಗಿಸಿದ್ದ ಕಾಲವದು. ವಿವಿಧಭಾರತಿ ಬಂದದ್ದು 1957ರ ಅಕ್ಟೋಬರಿನಲ್ಲಿ.

ನಿಮ್ಮ ಮನೆಯ ಸೆಟ್ಟಿನ ಜಾತಕ ತಿಳಿಯಬೇಕೆ? ಮೊದಲು ಕಾಗದ ಹುಡುಕಿ. ಆಗ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಗೆ ಹೋಗಿ ವರ್ಷವರ್ಷ ಹಣ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರಬೇಕು. ಈ ಕಟ್ಟಳೆ ತೊಲಗಿದ್ದು 1980ರ ದಶಕದಲ್ಲಿ. ಆ ಪುಸ್ತಕ ಸಿಕ್ಕರೆ ಅಂಚೆಯ ಮುದ್ರೆಯೇ ಇಸವಿ ಹೇಳುತ್ತದೆ. ಹಳೆ ಜಮೀನು ಕಾಗದಗಳ ಗಂಟಿನಲ್ಲಿ ಅದು ಇರುವ ಸಂಭವ ಹೆಚ್ಚು. ಸರಕಾರದ ಮುದ್ರೆ ಬಿದ್ದ ಯಾವ ಕಾಗದವನ್ನೂ ನಮ್ಮ ಹಿರಿಯರು ಎಸೆದವರಲ್ಲ.

ಆಮೇಲೆ ಹಿಂಬದಿಯ ಹಲಗೆ ಬಿಚ್ಚಿ. ಪ್ಲಗ್ಗು ಬೋರ್ಡಿನಿಂದ ದೂರ ಇರಲಿ. ಒಳಗಿನ ಗಾಜಿನ ವಾಲ್ವುಗಳ ಮೇಲೆ ಇಂಗ್ಲಿಷ್ ಅಕ್ಷರ, ಅಂಕಿ ಇರುತ್ತವೆ. ಮೊದಲ ಅಕ್ಷರವೇ ಮುಖ್ಯ. ಇಸಿಎಚ್ 81, ಇಎಫ್ 89, ಇಬಿಸಿ 81, ಇಎಲ್ 84, ಇಝಡ್ 80 ಎಂದು ಐದಿದ್ದರೆ ಅದು ಆ ಕಾಲದ ಒಳ್ಳೆಯ ಐದು ವಾಲ್ವಿನ ಸೆಟ್. 'ಇ' ಎಂದರೆ ಒಳಗಿನ ತಂತಿಗೆ 6.3 ವೋಲ್ಟ್, ಟ್ರಾನ್ಸ್‌ಫಾರ್ಮರ್ ಇರುವ, ಕರೆಂಟಿನ ಮನೆಯ ರೇಡಿಯೊ. 'ಡಿ' ಇಂದ ಶುರುವಾದರೆ, ಅಂದರೆ ಡಿಕೆ 96, ಡಿಎಫ್ 96, ಡಿಎಎಫ್ 96, ಡಿಎಲ್ 96 ಇದ್ದರೆ, ಅದು ಕರೆಂಟೇ ಇಲ್ಲದ ಹಳ್ಳಿಯ ಬ್ಯಾಟರಿ ಸೆಟ್. 'ಯು' ಕಂಡರೆ ಕೈ ಹಿಂದೆ ತೆಗೆಯಿರಿ.

ಈ 'ಯು' ಸೆಟ್ಟುಗಳಿಗೆ ಟ್ರಾನ್ಸ್‌ಫಾರ್ಮರ್ ಇಲ್ಲ. ವಾಲ್ವುಗಳ ಫಿಲಮೆಂಟುಗಳನ್ನು ಒಂದರ ಹಿಂದೊಂದು ಸರವಾಗಿ ಜೋಡಿಸಿ ನೇರ ಮೇನ್ಸಿಗೆ ಕೊಟ್ಟಿರುತ್ತಾರೆ. ಎಸಿ ಇರಲಿ, ಡಿಸಿ ಇರಲಿ ನಡೆಯಲಿ ಎಂಬ ಲೆಕ್ಕಾಚಾರ, ಜೊತೆಗೆ ಅಗ್ಗ. ಆದರೆ ತಗಡಿನ ಚಾಸಿಯೇ ಮೇನ್ಸಿನ ಒಂದು ತಂತಿಗೆ ಅಂಟಿಕೊಂಡಿರುತ್ತದೆ. ಪಿನ್ನು ಉಲ್ಟಾ ಹಾಕಿದರೆ ಚಾಸಿಯಲ್ಲಿ 230 ವೋಲ್ಟ್. ಪ್ಲಾಸ್ಟಿಕ್ ಗುಂಡಿ ಬಿದ್ದುಹೋಗಿ ಒಳಗಿನ ಕಬ್ಬಿಣದ ಕಡ್ಡಿ ಮುಟ್ಟಿದರೆ ಮುಗಿಯಿತು. ಇಂಥ ಸೆಟ್ಟನ್ನು ಹೊಸಬರು ರಿಪೇರಿಗೆ ಎತ್ತಿಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. 'ಇ' ಇದೆ ಎಂದು ಪೂರ್ತಿ ನಿರಾಳರಾಗುವಂತೆಯೂ ಇಲ್ಲ. ಕೆಲವು ಅಗ್ಗದ ಮಾದರಿಗಳಲ್ಲಿ ಆಟೊ ಟ್ರಾನ್ಸ್‌ಫಾರ್ಮರ್ ಇದ್ದು ಅಲ್ಲೂ ಚಾಸಿಗೆ ಮೇನ್ಸ್ ತಾಗಿರುತ್ತದೆ. ಮೀಟರ್ ಹಿಡಿದು ಪ್ಲಗ್ಗಿನ ಪಿನ್ನಿಗೂ ಚಾಸಿಗೂ ನಡುವೆ ಸಂಪರ್ಕ ಇದೆಯೇ ಎಂದು ನೋಡಿಯೇ ಮುಂದುವರಿಯಬೇಕು.

ವಾಲ್ವ್ ಕೆಲಸ ಮಾಡುವ ಬಗೆ ತಿಳಿದರೆ ಉಳಿದದ್ದು ಸುಲಭ. ಗಾಜಿನ ಬುರುಡೆಯೊಳಗಿನ ಗಾಳಿ ತೆಗೆದಿರುತ್ತಾರೆ. ನಡುವಿನ ಕ್ಯಾಥೋಡ್ ಕಾದಾಗ ಅದರಿಂದ ಇಲೆಕ್ಟ್ರಾನುಗಳು ಹೊರಟು, ಸುಮಾರು 250 ವೋಲ್ಟ್ ಧನ ವಿದ್ಯುತ್ತಿರುವ ಆನೋಡಿನ ಕಡೆ ಹರಿಯುತ್ತವೆ. ನಡುವೆ ಗ್ರಿಡ್ ಎಂಬ ಸಣ್ಣ ತಂತಿಯ ಸುರುಳಿ. ನವಿಲುತೀರ್ಥದ ಅಣೆಕಟ್ಟಿನಲ್ಲಿ ಗೇಟು ಒಂದಿಷ್ಟು ಎತ್ತಿದರೆ ಕಾಲುವೆಯಲ್ಲಿ ನೀರು ಎಷ್ಟು ಏರುತ್ತದೋ ಹಾಗೆ, ಗ್ರಿಡ್ಡಿನ ಮೇಲೆ ವೋಲ್ಟಿನ ಸಣ್ಣ ಏರಿಳಿತ ಆನೋಡಿನ ಹರಿವಿನಲ್ಲಿ ದೊಡ್ಡ ಏರಿಳಿತವಾಗುತ್ತದೆ. ಏರಿಯಲ್ಲಿಗೆ ತಾಗಿದ ಕ್ಷೀಣ ತರಂಗ ಸ್ಪೀಕರನ್ನು ನಡುಗಿಸುವಷ್ಟು ಬಲವಾಗುವುದು ಹೀಗೆ.

ಈ ಗ್ರಿಡ್ಡು ಸದಾ ಸೊನ್ನೆಯ ಹತ್ತಿರ ಅಥವಾ ಸ್ವಲ್ಪ ಋಣದಲ್ಲಿ ಇರಬೇಕು. ಹಳೆ ರೇಡಿಯೊದ ಅಸಲಿ ಶತ್ರು ಕೆಡಿಸುವುದು ಇದನ್ನೇ. ಸ್ಪೀಕರಿಗೆ ಶಕ್ತಿ ಕೊಡುವ ಇಎಲ್ 84ರ ಗ್ರಿಡ್ಡಿಗೂ ಅದರ ಹಿಂದಿನ ವಾಲ್ವಿನ ಆನೋಡಿಗೂ ನಡುವೆ ಒಂದು ಪುಟ್ಟ ಕಂಡೆನ್ಸರ್ ಇದೆ. ಸದ್ದನ್ನು ಮಾತ್ರ ದಾಟಿಸಿ, ಹಿಂದಿನ ನೂರಾರು ವೋಲ್ಟನ್ನು ತಡೆದು ನಿಲ್ಲಿಸುವುದು ಅದರ ಕೆಲಸ. ಆ ಕಾಲದಲ್ಲಿ ಅದನ್ನು ಕಾಗದ ಸುತ್ತಿ ಮೇಣ ಅಥವಾ ಡಾಂಬರು ಮೆತ್ತಿ ಮಾಡುತ್ತಿದ್ದರು. ಕಾಗದ ತೇವ ಹೀರುತ್ತದೆ, ಕಂಡೆನ್ಸರ್ ಸೋರತೊಡಗುತ್ತದೆ. ಗ್ರಿಡ್ಡಿಗೆ ನಾಲ್ಕೈದು ಧನ ವೋಲ್ಟ್ ಬಂದರೂ ಸಾಕು, ವಾಲ್ವ್ ಮಿತಿ ಮೀರಿ ಕರೆಂಟ್ ಎಳೆದು ಕೆಂಪಗೆ ಕಾಯುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕೂದಲೆಳೆಯಂಥ ತಂತಿ ಕಡಿಯುತ್ತದೆ, ಕೊನೆಗೆ ದೊಡ್ಡ ಟ್ರಾನ್ಸ್‌ಫಾರ್ಮರಿಗೇ ಪೆಟ್ಟು. ಕೆಲವೇ ರೂಪಾಯಿಯ ಸಾಮಾನಿನಿಂದ ಇಷ್ಟು ಅನಾಹುತ. ಯಾವ ಸೆಟ್ಟೇ ಬರಲಿ, ಕರೆಂಟು ಕೊಡುವ ಮೊದಲೇ ಈ ಒಂದು ಕಂಡೆನ್ಸರ್ ಕಿತ್ತು 630 ವೋಲ್ಟಿನ ಹೊಸ ಪಾಲಿಯೆಸ್ಟರ್ ಹಾಕಬೇಕು.

ಎರಡನೆಯ ಶತ್ರು ಅಲ್ಯೂಮಿನಿಯಂ ಡಬ್ಬಿಯಂಥ ಫಿಲ್ಟರ್ ಕಂಡೆನ್ಸರ್. ಒಳಗಿನ ದ್ರಾವಣ ಒಣಗಿ ಅದು ಸತ್ವ ಕಳೆದುಕೊಂಡಿರುತ್ತದೆ. ಗುಂಯ್ ಸದ್ದಿನ ಮೂಲ ಅದು. ಡಬ್ಬಿಯನ್ನು ಅದರ ಜಾಗದಲ್ಲೇ ಬಿಡಿ, ನೋಟ ಕೆಡುವುದಿಲ್ಲ. ತಂತಿಗಳನ್ನು ಬಿಡಿಸಿ ಹೊಸದನ್ನು ಚಾಸಿಯ ಕೆಳಗೆ ಬೆಸೆಯಿರಿ. ಹಳೆಯದಕ್ಕೇ ಹೊಸದನ್ನು ಜೊತೆ ಮಾಡಿ ಬಿಡುವುದು ಸೋಮಾರಿ ಕೆಲಸ, ಅಪಾಯಕಾರಿ ಕೂಡ. ಇನ್ನೊಂದು ಭ್ರಮೆ: ದೊಡ್ಡ ಕಂಡೆನ್ಸರ್ ಹಾಕಿದಷ್ಟೂ ಒಳ್ಳೆಯದು ಎಂಬುದು. ಇಝಡ್ 80 ವಾಲ್ವಿನ ಮುಂದೆ 50 ಮೈಕ್ರೊಫ್ಯಾರಡ್‌ಗಿಂತ ಹೆಚ್ಚಿನದನ್ನು ಕೂರಿಸಿದರೆ ಚಾಲೂ ಆಗುವ ಹೊತ್ತಿನ ರಭಸಕ್ಕೆ ವಾಲ್ವೇ ಹೋಗುತ್ತದೆ. ಈ ಕಂಡೆನ್ಸರುಗಳು ಪ್ಲಗ್ಗು ತೆಗೆದ ಮೇಲೂ ಚಾರ್ಜ್ ಹಿಡಿದುಕೊಂಡಿರುತ್ತವೆ. ರೆಸಿಸ್ಟನ್ಸ್ ಒಂದರ ಮೂಲಕ ಅದನ್ನು ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಒಳಗೆ ಬೆರಳಿಡಬೇಕು.

ಇಷ್ಟಾದ ಮೇಲೂ ನೇರ ಕರೆಂಟಿಲ್ಲ. ಸೀರೀಸ್ ಬಲ್ಬು ಬೇಕು. ರೇಡಿಯೊದ ಸಾಲಿನಲ್ಲಿ ಹಳೆ ಕಾಲದ 60 ವ್ಯಾಟಿನ ತಂತಿ ಬಲ್ಬು ಜೋಡಿಸಿ ಕೊಟ್ಟರೆ, ಒಳಗೆ ಶಾರ್ಟ್ ಇದ್ದಲ್ಲಿ ಬಲ್ಬು ಝಗ್ಗನೆ ಉರಿದು ಸೆಟ್ ಬದುಕುತ್ತದೆ. ಒಮ್ಮೆ ಬೆಳಗಿ ಮಂಕಾದರೆ ಶುಭ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ತಂತಿ ಬಲ್ಬು ಈಗ ಅಂಗಡಿಗಳಲ್ಲಿ ಅಪರೂಪ. ಕಂಡಾಗ ಎರಡು ತೆಗೆದಿಟ್ಟುಕೊಳ್ಳಿ. ಸೆಟ್ಟಿನ ಹಿಂದೆ ವೋಲ್ಟ್ ಆರಿಸುವ ತಿರುಪು ಇದ್ದರೆ ಅದನ್ನು 240 ಅಥವಾ 245ಕ್ಕೆ ಇಡಿ. ಪಂಪ್‌ಸೆಟ್ಟುಗಳೆಲ್ಲ ನಿಂತ ರಾತ್ರಿಯಲ್ಲಿ ನಮ್ಮ ಹಳ್ಳಿಗಳ ವೋಲ್ಟ್ ಎಲ್ಲಿಗೆ ಏರುತ್ತದೆ ಎಂದು ರೈತರಿಗೆ ಹೇಳಬೇಕಿಲ್ಲ.

ಊರಿನ ಹವೆ ರೇಡಿಯೊದ ಒಳಗೂ ಕಾಣುತ್ತದೆ. ಕಿತ್ತೂರಿನ ಕಡೆ ಮಳೆ ಹೆಚ್ಚು. ಅಲ್ಲಿನ ಸೆಟ್ಟಿನಲ್ಲಿ ತುಕ್ಕು, ಬೂಸ್ಟು, ಉಬ್ಬಿದ ಪ್ಲೈವುಡ್ಡು. ಸವದತ್ತಿ, ರಾಮದುರ್ಗದ ಒಣ ಹವೆಯಲ್ಲಿ ತಗಡು ಚೊಕ್ಕವಾಗಿರುತ್ತದೆ, ಆದರೆ ಎರೆ ಮಣ್ಣಿನ ನಯವಾದ ಧೂಳು ಟ್ಯೂನಿಂಗ್ ಕಂಡೆನ್ಸರಿನ ಹಲಗೆಗಳ ನಡುವೆ ಕೂತು ಮುಳ್ಳು ತಿರುಗಿಸಿದಲ್ಲೆಲ್ಲ ಕರಕರ ಎನ್ನುತ್ತದೆ. ಒಣ ಬ್ರಷ್ಷಿನಿಂದ ತೆಗೆಯಬೇಕು. ಬಾಯಿಂದ ಊದಿದರೆ ಉಗುಳಿನ ತೇವ ಸೇರುತ್ತದೆ.

ನೀರು ಹೊಕ್ಕ ಸೆಟ್ಟಿನ ಕತೆ ಬೇರೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ, ಸವದತ್ತಿ ತಾಲೂಕುಗಳ ದಂಡೆಯ ಮನೆಗಳಿಗೆ ನುಗ್ಗಿತ್ತು. ಕೆಸರಲ್ಲಿ ಮುಳುಗಿದ ರೇಡಿಯೊ ಮುಗಿಯಿತೆಂದೇ ತಿಳಿಯಬೇಕಿಲ್ಲ. ವಾಲ್ವುಗಳು ಗಾಜಿನೊಳಗಿರುವುದರಿಂದ ನೀರು ಅವುಗಳಿಗೆ ಏನೂ ಮಾಡದು. ಕಷ್ಟ ಇರುವುದು ಟ್ರಾನ್ಸ್‌ಫಾರ್ಮರಿಗೆ, ಸುರುಳಿಗಳಿಗೆ, ಸ್ಪೀಕರಿನ ಕಾಗದಕ್ಕೆ. ಟ್ರಾನ್ಸ್‌ಫಾರ್ಮರನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಪಕ್ಕದಲ್ಲಿ ಸಣ್ಣ ಬಲ್ಬು ಹಚ್ಚಿ ದಿನಗಟ್ಟಲೆ ಒಣಗಿಸಿ, ಮೆಗ್ಗರ್ ಹಿಡಿದು ನಿರೋಧ ಪರೀಕ್ಷಿಸಬೇಕು. ಸುಟ್ಟೇ ಹೋಗಿದ್ದರೂ ದಾರಿ ಇದೆ, ಅದೂ ಊರಲ್ಲೇ. ಬೋರ್‌ವೆಲ್ ಮೋಟಾರುಗಳ ದೆಸೆಯಿಂದ ನಮ್ಮ ತಾಲೂಕು ಊರುಗಳಲ್ಲಿ ವೈಂಡಿಂಗ್ ಅಂಗಡಿಗಳಿಗೆ ಬರವಿಲ್ಲ. ಹಳೆ ಸುರುಳಿಯ ಸುತ್ತು ಎಣಿಸಿ, ತಂತಿಯ ಗೇಜು ಅಳೆದು ಕೊಟ್ಟರೆ ಪವರ್ ಟ್ರಾನ್ಸ್‌ಫಾರ್ಮರ್ ಸುತ್ತಿಕೊಡಬಲ್ಲ ಕೈಗಳು ಅಲ್ಲಿವೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸಣ್ಣ ತಂತಿಗೆ ಮಾತ್ರ ತಾಳ್ಮೆಯವರೇ ಬೇಕು.

ವಾಲ್ವುಗಳ ಬಗ್ಗೆ ಜನರಿಗೆ ಇರುವ ಭಯ ಅನಗತ್ಯ. "ವಾಲ್ವ್ ಎಲ್ಲಿ ಸಿಗತಾವ್ರಿ ಈಗ?" ಎಂದು ಕೇಳುವವರ ಸೆಟ್ಟಿನಲ್ಲಿ ಹೆಚ್ಚಿನ ಸಲ ವಾಲ್ವು ಸರಿಯಾಗಿಯೇ ಇರುತ್ತದೆ. ಬುರುಡೆಯ ಒಳಗೆ ಬೆಳ್ಳಿಯಂಥ ಕಲೆ ನೋಡಿ. ಅದು ಹೊಳೆಯುತ್ತಿದ್ದರೆ ಒಳಗೆ ಗಾಳಿ ಸೇರಿಲ್ಲ. ಹಾಲಿನಂತೆ ಬೆಳ್ಳಗಾಗಿದ್ದರೆ ಗಾಜು ಸೀಳಿದೆ, ಆ ವಾಲ್ವಿನ ಆಸೆ ಬಿಡಿ. ಬದಲಿ ಬೇಕಾದರೆ ಬೆಂಗಳೂರಿನ ಎಸ್.ಪಿ. ರಸ್ತೆ, ಮುಂಬೈಯ ಲ್ಯಾಮಿಂಗ್ಟನ್ ರಸ್ತೆಗಳಲ್ಲಿ ವಿಚಾರಿಸಬಹುದು. ಬಿಇಎಲ್ ಮುದ್ರೆಯದು ಸಿಕ್ಕರೆ ಕಣ್ಣಿಗೊತ್ತಿಕೊಂಡು ತನ್ನಿ. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಇಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆ ಶುರು ಮಾಡಿತು. ಮರುವರ್ಷವೇ ಜರ್ಮೇನಿಯಂ ಟ್ರಾನ್ಸಿಸ್ಟರಿನ ಕಡೆಗೂ ಹೊರಳಿತು ಎನ್ನುವುದು ವಾಲ್ವುಗಳ ಹಣೆಬರಹ ಹೇಳುತ್ತದೆ.

ಬ್ಯಾಟರಿ ಸೆಟ್ ಇರುವವರು ತಮ್ಮದು ನಡೆಯುವುದೇ ಇಲ್ಲವೆಂದು ಕೈಬಿಡುತ್ತಾರೆ. ಅದಕ್ಕೆ ಬೇಕಾದದ್ದು 90 ವೋಲ್ಟ್ ಮತ್ತು 1.5 ವೋಲ್ಟ್, ಎರಡು ಬೇರೆ ಬೇರೆ. ಆ ಕಾಲದ ಜೋಡಿ ಬ್ಯಾಟರಿ ಇಂದಿಲ್ಲ. ಆದರೆ 9 ವೋಲ್ಟಿನ ಹತ್ತು ಚೌಕ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದರೆ 90 ಆಯಿತು, ದೊಡ್ಡ ಟಾರ್ಚ್ ಸೆಲ್ ಒಂದು ಇನ್ನೊಂದಕ್ಕೆ. ಎರಡನ್ನು ಅದಲುಬದಲು ಮಾಡಿದರೆ ಮಾತ್ರ ನಾಲ್ಕೂ ವಾಲ್ವು ಒಂದೇ ಏಟಿಗೆ ಸುಡುತ್ತವೆ. ಇಂಥ ಸೆಟ್ಟುಗಳ ಕಾಲದಲ್ಲೇ, 1956ರಲ್ಲಿ, ಯುನೆಸ್ಕೊ ನೆರವಿನಿಂದ ಪುಣೆ ಸುತ್ತಲ ಹಳ್ಳಿಗಳಲ್ಲಿ ರೈತರನ್ನು ಗುಂಪಾಗಿ ಕೂರಿಸಿ ರೇಡಿಯೊ ಕೇಳಿಸಿ ಚರ್ಚೆ ಮಾಡಿಸಿದರು. 1959ರಿಂದ ದೇಶದ ಬೇರೆಡೆಗೂ ಅದು ಹಬ್ಬಿತು. ಹಳ್ಳಿಗೆ ಕರೆಂಟು ಬರುವ ಮುಂಚೆಯೇ ರೇಡಿಯೊ ಬಂದದ್ದು ಬ್ಯಾಟರಿಯ ಕೃಪೆಯಿಂದ.

ಸೆಟ್ಟಿಗೆ ಜೀವ ಬಂದ ಮೇಲೆ ಸ್ಟೇಷನ್ ಹಿಡಿಯಬೇಕು. ಧಾರವಾಡದ ಮಧ್ಯಮ ತರಂಗ 765 ಕಿಲೋಹರ್ಟ್ಸ್. ಹಳೆ ಡಯಲ್ಲಿನ ಮೀಟರಿನಲ್ಲಿ ಹೇಳಿದರೆ 392. ಮುಳ್ಳನ್ನು ಅಲ್ಲಿಗೆ ತಂದಾಗ ರೇಡಿಯೊ ತಾನೇ ಒಳಗೆ 1220 ಕಿಲೋಹರ್ಟ್ಸ್‌ನ ಇನ್ನೊಂದು ತರಂಗ ಹುಟ್ಟಿಸುತ್ತದೆ. ಎರಡನ್ನೂ ಇಸಿಎಚ್ 81 ಬೆರೆಸಿದಾಗ ವ್ಯತ್ಯಾಸ 455 ಉಳಿಯುತ್ತದೆ. ನೀವು ಬೆಂಗಳೂರಿನ 612ಕ್ಕೆ ಹೋದರೆ ಒಳಗಿನದು 1067 ಆಗುತ್ತದೆ. ವ್ಯತ್ಯಾಸ ಮತ್ತೆ 455. ಯಾವ ಊರಿನ ದನಿಯೇ ಆಗಲಿ, ಈ ಒಂದೇ ಅಂಕಿಗೆ ಇಳಿಸಿ ಬಲಪಡಿಸುವ ಉಪಾಯವನ್ನು ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ಕಂಡುಹಿಡಿದರು. ಚಾಸಿಯ ಮೇಲೆ ನಿಂತ ಅಲ್ಯೂಮಿನಿಯಂ ಚೌಕ ಡಬ್ಬಿಗಳನ್ನು ಕಾರ್ಖಾನೆಯಲ್ಲಿ ಆ 455ಕ್ಕೋ ಅದರ ಅಕ್ಕಪಕ್ಕದ ಅಂಕಿಗೋ ಹೊಂದಿಸಿರುತ್ತಾರೆ. ಅವುಗಳ ತಲೆಯ ಸ್ಕ್ರೂ ಸಡಿಲವಾಗಿದೆ ಎಂದುಕೊಂಡು ಬಿಗಿ ಮಾಡುವ ಮಹನೀಯರು ಎಲ್ಲ ಊರಲ್ಲೂ ಇದ್ದಾರೆ. ಹಾಗೆ ಮಾಡಿದ ಸೆಟ್ಟಿನಲ್ಲಿ ರಾತ್ರಿ ಹೊತ್ತು ಪುಣೆಯ 792 ಬಂದು ಧಾರವಾಡದ ಮೈಮೇಲೆ ಬೀಳುತ್ತದೆ. ಅದನ್ನು ಸರಿಪಡಿಸಲು ಸಿಗ್ನಲ್ ಜನರೇಟರ್ ಬೇಕು. ಸ್ಕ್ರೂ ಮುಟ್ಟಬೇಡಿ.

ಗೋಡೆಯಿಂದ ಗೋಡೆಗೆ ಕಟ್ಟುತ್ತಿದ್ದ ತಾಮ್ರದ ಜಾಳಿಗೆ ಏರಿಯಲ್ ಈಗ ಯಾರ ಮನೆಯಲ್ಲೂ ಇಲ್ಲ. ಮಾಳಿಗೆಯ ಮೇಲೆ ಹತ್ತು ಮೀಟರ್ ತಂತಿ ಎಳೆದರೆ ಸಾಕು, ಗುಡುಗು ಮಳೆಯ ದಿನ ಅದನ್ನು ಬಿಚ್ಚಿಡುವ ನೆನಪಿರಲಿ. ಇಷ್ಟಾಗಿಯೂ ಕೊರಕೊರ ಎಂದರೆ ರೇಡಿಯೊವನ್ನು ಬೈಯಬೇಡಿ. ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್‌ಗಳನ್ನು ಒಂದೊಂದಾಗಿ ಆರಿಸಿ ನೋಡಿ. ಕಿರುತರಂಗದ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಸಿಲೋನು, ಬಿಬಿಸಿ ಗಿಜಿಗುಡುತ್ತಿದ್ದ ಆ ಪಟ್ಟಿಗಳು ಈಗ ಬಹುಮಟ್ಟಿಗೆ ಬಯಲು.

ಹೊರಗಿನ ಅಂದಕ್ಕೆ ಬಂದರೆ, ನನ್ನ ಮಾತು ಒಂದೇ: ಕಡಿಮೆ ಮಾಡಿ. ಮರದ ಪೆಟ್ಟಿಗೆಗೆ ಅರಗು ಮತ್ತು ಸ್ಪಿರಿಟ್ಟಿನ ಪಾಲಿಶ್ ಸಾಕು. ಮದುವೆ ಮಂಚದ ಹಾಗೆ ಫಳಫಳಿಸುವ ಬಣ್ಣ ಬಳಿಸಿದವರನ್ನು ಕಂಡು ಬೇಸರವಾಗಿದೆ. ಡಯಲ್ ಗಾಜಿನ ಹಿಂಬದಿಗೆ ನೀರು, ಸ್ಪಿರಿಟ್ ಏನೂ ತಾಗಿಸಬೇಡಿ. ಊರುಗಳ ಹೆಸರು ಅಚ್ಚಾಗಿರುವುದು ಆ ಬದಿಗೆ, ಒಂದು ಒರೆತಕ್ಕೆ ದಿಲ್ಲಿ, ಮುಂಬೈ, ಸಿಲೋನ್ ಎಲ್ಲ ಬಟ್ಟೆಗೆ ಬರುತ್ತವೆ. ವಾಲ್ವ್ ಸಿಗುತ್ತದೆ, ಕಂಡೆನ್ಸರ್ ಸಿಗುತ್ತದೆ, ಡಯಲ್ ಗಾಜು ಸಿಗುವುದಿಲ್ಲ. ಸ್ಪೀಕರಿನ ಮುಂದಿನ ಬಟ್ಟೆ ಹರಿದಿದ್ದರೆ ನಮಗೆ ಒಂದು ಅನುಕೂಲವಿದೆ: ರಾಮದುರ್ಗ, ಸುರೇಬಾನದ ಕಡೆ ಕೈಮಗ್ಗದ ಕಸುಬು ಇದೆ. ಸಡಿಲ ನೇಯ್ಗೆಯ, ಬೆಳಕಿಗೆ ಹಿಡಿದರೆ ಆಚೆ ಕಾಣುವ ಬಟ್ಟೆ ಆರಿಸಿ. ಒತ್ತಾದ ನೇಯ್ಗೆ ದನಿಯನ್ನು ಮಂದ ಮಾಡುತ್ತದೆ.

ಈಗ ಹೊಸದೊಂದು ಚಾಳಿ ಶುರುವಾಗಿದೆ. ಒಳಗಿನದನ್ನೆಲ್ಲ ಕಿತ್ತೆಸೆದು ಬ್ಲೂಟೂತ್ ಬೋರ್ಡು ಕೂರಿಸಿ ಹೋಟೆಲು, ರೆಸಾರ್ಟುಗಳಿಗೆ ಮಾರುವುದು. ಚಾಸಿ ಗುಜರಿಗೆ, ಪೆಟ್ಟಿಗೆ ಶೋಕಿಗೆ. ಮೊಬೈಲಿನ ಹಾಡು ಕೇಳಲು ಇಷ್ಟು ಕ್ರೌರ್ಯ ಬೇಕಿಲ್ಲ. 'ಇ' ವಾಲ್ವಿನ ಹೆಚ್ಚಿನ ಸೆಟ್ಟುಗಳ ಹಿಂದೆ ಗ್ರಾಮೊಫೋನ್ ಜೋಡಿಸುವ ಎರಡು ತೂತು ಇವೆ. ಚಾಸಿಗೆ ಮೇನ್ಸ್ ತಾಗಿಲ್ಲವೆಂದು ಖಚಿತವಾದ ಸೆಟ್ಟಿನಲ್ಲಿ, ನಡುವೆ ಸಣ್ಣ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಟ್ಟು ಫೋನನ್ನು ಅಲ್ಲಿಗೆ ಕೊಡಬಹುದು. ಒಂದು ತಂತಿಯನ್ನೂ ಕತ್ತರಿಸದೆ ಮನ್ಸೂರರ ಗಾಯನ ಇಎಲ್ 84ರಿಂದಲೇ ಹೊರಬರುತ್ತದೆ. 'ಯು' ಸೆಟ್ಟಿಗೆ ಇದನ್ನು ಕನಸಿನಲ್ಲೂ ಮಾಡಬೇಡಿ.

ಈ ಕೆಲಸ ಬಲ್ಲವರು ಇನ್ನೂ ಇದ್ದಾರೆ. ಬಸ್ ಸ್ಟ್ಯಾಂಡಿನ ಬಳಿ ಒಂದು ಕಾಲಕ್ಕೆ ರೇಡಿಯೊ ರಿಪೇರಿ ಅಂಗಡಿ ಇಟ್ಟು, ಆಮೇಲೆ ಟಿವಿ, ಮಿಕ್ಸರ್, ಈಗ ಏನೂ ಇಲ್ಲದೆ ಮನೆಯಲ್ಲಿ ಕೂತ ಎಪ್ಪತ್ತು ದಾಟಿದ ಕಾಕಾಗಳು. ಸರ್ಕೀಟ್ ನಕ್ಷೆ ಅವರ ತಲೆಯಲ್ಲಿದೆ. ಅವರಿಗೆ ಈಗ ಸಣ್ಣ ಬೆಸುಗೆ ಕಾಣುವುದಿಲ್ಲ, ಕೈ ನಡುಗುತ್ತದೆ. ಐಟಿಐನಲ್ಲಿ ಇಲೆಕ್ಟ್ರಾನಿಕ್ಸ್ ಕಲಿಯುವ ಹುಡುಗ, ಹುಡುಗಿಯರಿಗೆ ಕಣ್ಣಿದೆ, ಕೈ ಇದೆ, 250 ವೋಲ್ಟಿನ ವಾಲ್ವು ಕಂಡಿಲ್ಲ. ನಿಮ್ಮ ಮನೆಯಲ್ಲಿ ಹಳೆ ಸೆಟ್ ಇದ್ದರೆ ಅದನ್ನು ಇಂಥ ಒಬ್ಬ ಕಾಕಾನ ಮುಂದಿಟ್ಟು, ಪಕ್ಕಕ್ಕೆ ಇಂಥ ಒಬ್ಬ ವಿದ್ಯಾರ್ಥಿಯನ್ನು ಕೂರಿಸಿ. ಕೂಲಿ ಧಾರಾಳವಾಗಿ ಕೊಡಿ.